ಆಕ್ಟ್ರೀಗೆ ಅಡಾಪ್ಟಿವ್ ಕೋಡರ್ ಹಾಕಿದರೂ ಜಿಪ್‌ಗಿಂತ ಹೆಚ್ಚೇನೂ ಇಳಿಯುತ್ತಿಲ್ಲ, ಎಲ್ಲಿ ಎಡವಿದ್ದೇನೆ?

ಚುಕ್ಕಿಲೆಕ್ಕ

ಎರಡು ವಾರದಿಂದ ಇದರ ಹಿಂದೆ ಬಿದ್ದಿದ್ದೇನೆ. ಈಗ ತಲೆ ಓಡುತ್ತಿಲ್ಲ. ಯಾರಾದರೂ ನೋಡಿ ಹೇಳಿ.

ನನ್ನ ಹತ್ತಿರ ಇರುವುದು ಲೈಡಾರ್ ಸ್ಕ್ಯಾನ್‌ಗಳು, ಅಂದರೆ ಲೇಸರ್‌ನಿಂದ ದೂರ ಅಳೆದು ಪಡೆದ ಚುಕ್ಕಿಗಳು. ವಾಹನದ ಮೇಲೆ ಗಿರ್ರನೆ ತಿರುಗುವ ಸೆನ್ಸರ್, 64 ಲೇಸರ್. ಒಂದು ಸುತ್ತಿಗೆ ಸುಮಾರು 1.2 ಲಕ್ಷ ಚುಕ್ಕಿ. ಎಕ್ಸ್, ವೈ, ಜೆಡ್ ಮೂರೂ 32 ಬಿಟ್ ಫ್ಲೋಟ್, ಅಂದರೆ ಚುಕ್ಕಿಗೆ 96 ಬಿಟ್. ಹೊಳಪು, ಬಣ್ಣ ಯಾವುದೂ ಸದ್ಯಕ್ಕೆ ಬೇಡ. ಜಾಗ ಮಾತ್ರ ಸಾಕು.

ಮಾಡಿದ್ದು ಇಷ್ಟು. 262 ಮೀಟರ್ ಬದಿಯ ಒಂದು ದೊಡ್ಡ ಡಬ್ಬಿ ಇಟ್ಟುಕೊಂಡೆ. ಎಲ್ಲ ಅಳತೆಯನ್ನೂ 1 ಮಿ.ಮೀ.ಗೆ ದುಂಡು ಮಾಡಿದೆ. ಹಾಗಾದರೆ 18 ಹಂತದ ಆಕ್ಟ್ರೀ: ಡಬ್ಬಿಯನ್ನು ಎಂಟು ಭಾಗ ಮಾಡಿ, ತುಂಬಿದ ಪ್ರತಿ ಭಾಗವನ್ನು ಮತ್ತೆ ಎಂಟಾಗಿ ಒಡೆಯುತ್ತಾ ಹೋಗುವ ಮರ. ಪ್ರತಿ ಡಬ್ಬಿಯೂ ಒಂದು ನೋಡ್, ಅದರ ಭಾಗಗಳು ಅದರ ಮಕ್ಕಳು. ಪ್ರತಿ ನೋಡ್‌ಗೆ ಒಂದು ಬೈಟ್: ಎಂಟು ಮಕ್ಕಳಲ್ಲಿ ಯಾವುದು ತುಂಬಿದೆ, ಯಾವುದು ಖಾಲಿ. ಒಟ್ಟು 8.6 ಲಕ್ಷ ಬೈಟ್ ಬಂತು. ಅದನ್ನು ಅಡಾಪ್ಟಿವ್ ಅರಿತ್ಮೆಟಿಕ್ ಕೋಡರ್‌ಗೆ ಕೊಟ್ಟೆ. ಹೆಚ್ಚು ಬರುವ ಚಿಹ್ನೆಗೆ ಕಡಿಮೆ ಬಿಟ್ ಕೊಡುವ, ಸಂಭವವನ್ನು ಓದುತ್ತಲೇ ಕಲಿಯುವ ಕೋಡರ್ ಅದು. 255 ಚಿಹ್ನೆಗಳ ಒಂದೇ ಟೇಬಲ್, ನೋಡಿದ ಹಾಗೆಲ್ಲ ಎಣಿಕೆ ಏರುತ್ತದೆ.

ಸಿಕ್ಕಿದ್ದು ಚುಕ್ಕಿಗೆ 27.1 ಬಿಟ್. ಅದೇ ಬೈಟ್‌ಗಳನ್ನು ಸುಮ್ನೆ ಜಿಪ್ ಮಾಡಿದರೆ 29.4. ಇಷ್ಟು ಒದ್ದಾಡಿದ್ದಕ್ಕೆ ಎರಡು ಬಿಟ್ ಚಿಲ್ಲರೆ! ಬೆಟ್ಟ ಅಗೆದು ಇಲಿ ಹಿಡಿದಂತಾಗಿದೆ.

ಇನ್ನೂ ಬೇಜಾರಿನ ವಿಷಯ ಏನೆಂದರೆ, ತಂದೆ ನೋಡ್‌ನ ಬೈಟ್ ಅನ್ನು ಕಾಂಟೆಕ್ಸ್ಟ್ ಆಗಿ, ಅಂದರೆ ಊಹೆಗೆ ಸುಳಿವಾಗಿ ಕೊಟ್ಟೆ. ತಂದೆಗೊಂದು ಟೇಬಲ್, ಒಟ್ಟು 255 ಟೇಬಲ್. ಕಡಿಮೆಯಾಗಬೇಕಿತ್ತು ಅಲ್ವಾ? 28.6ಕ್ಕೆ ಏರಿತು. ಕೋಡರ್‌ನಲ್ಲೇ ಬಗ್ ಇದೆಯಾ?

ಹಳೇಹಫ್‌ಮನ್

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೋಡರ್ ಪಾಪ ಸರಿಯಾಗೇ ಇದೆ. ನೀವು ಕೊಟ್ಟ ಸಂಭವಗಳಿಗೆ ಅದು ಬರೆಯಬಲ್ಲಷ್ಟು ಚಿಕ್ಕದಾಗಿಯೇ ಬರೆಯುತ್ತದೆ. ಸಂಭವ ತಪ್ಪಾಗಿದ್ದರೆ ಅದೇನು ಮಾಡೀತು?

ಅರೆಬಿಟ್

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಕಾಂಟೆಕ್ಸ್ಟ್ ಜಾಸ್ತಿ ಮಾಡಿದರೆ ಫೈಲ್ ದೊಡ್ಡದಾಗುವುದು ಬಗ್ ಅಲ್ಲ. ಅದು ಕಲಿಕೆಯ ಖರ್ಚು.

ಅಡಾಪ್ಟಿವ್ ಟೇಬಲ್ ಹುಟ್ಟುವಾಗ ಅದಕ್ಕೆ ಏನೂ ಗೊತ್ತಿರುವುದಿಲ್ಲ. 255 ಚಿಹ್ನೆಗೂ ಎಣಿಕೆ 1 ಎಂದು ಶುರು ಮಾಡಿದ್ದೀರಿ ಅಂದುಕೊಳ್ಳುತ್ತೇನೆ. ಆಗ ಮೊದಲ ಚಿಹ್ನೆಗೆ ಹತ್ತಿರ ಹತ್ತಿರ 8 ಬಿಟ್ ತೆರಬೇಕು, ಅದು ಯಾವುದೇ ಆಗಿರಲಿ. ಒಂದು ಟೇಬಲ್ ಇದ್ದಾಗ ಈ ದಂಡ ಒಂದೇ ಸಲ. 255 ಟೇಬಲ್ ಇದ್ದರೆ 255 ಸಲ. ಪ್ರತಿಯೊಂದೂ ಮೊದಲಿನಿಂದ ಅಕ್ಷರಾಭ್ಯಾಸ ಮಾಡಬೇಕು.

ಇದಕ್ಕೆ ಒಂದು ಒರಟು ಲೆಕ್ಕ ಇದೆ, ಮಾಹಿತಿ ಸಿದ್ಧಾಂತದ ರಿಸ್ಸನೆನ್ ಕೊಟ್ಟಿದ್ದು. ಕಲಿಯಬೇಕಾದ ಪ್ರತಿ ಸಂಖ್ಯೆಗೂ ಸುಮಾರು ಅರ್ಧ ಲಾಗ್ ಎನ್ ಬಿಟ್ ಖರ್ಚು. ಲಾಗ್ ಎರಡರ ಬುಡದ್ದು, ಎನ್ ಅಂದರೆ ನೋಡಿದ ಚಿಹ್ನೆಗಳ ಎಣಿಕೆ. ನಿಮ್ಮಲ್ಲಿ 255 ಟೇಬಲ್, ಪ್ರತಿಯೊಂದರಲ್ಲಿ 254 ಸ್ವತಂತ್ರ ಸಂಖ್ಯೆ. ಒಟ್ಟು 64,770. ಒಂದೊಂದಕ್ಕೆ 5 ಬಿಟ್ ಅಂತ ಇಟ್ಟುಕೊಂಡರೂ 3.2 ಲಕ್ಷ ಬಿಟ್. 1.2 ಲಕ್ಷ ಚುಕ್ಕಿಗೆ ಹಂಚಿ. ಚುಕ್ಕಿಗೆ 2.7 ಬಿಟ್. ಕಾಂಟೆಕ್ಸ್ಟ್ ನಿಮಗೆ ಒಂದೂಕಾಲು ಬಿಟ್ ಉಳಿಸಿ ಕೊಟ್ಟಿದೆ, ಕಲಿಕೆ ಅದರ ಎರಡು ಪಟ್ಟು ತಿಂದು ಹಾಕಿದೆ.

ಬಿಟ್ಟುಬಿಡಿ

ಆ ಲೆಕ್ಕ ಇಲ್ಲಿ ನೇರವಾಗಿ ಕೂರುವುದಿಲ್ಲ. 255 ತಂದೆಯರಲ್ಲಿ ಮುಕ್ಕಾಲು ಪಾಲು ಬರುವುದೇ ಅಪರೂಪ. ಎಂಟೂ ಮಕ್ಕಳಿರುವ ನೋಡ್ ಲೈಡಾರ್‌ನಲ್ಲಿ ಎಲ್ಲಿ ಸಿಗುತ್ತದೆ?

ಅರೆಬಿಟ್

ಒರಟು ಲೆಕ್ಕ ಅಂತ ನಾನೇ ಹೇಳಿದ್ದೇನಲ್ಲ. ದಿಕ್ಕು ಸರಿ ಇದೆ, ಅಷ್ಟು ಸಾಕು.

ಎಂಟನೇಮಗು

255 ಚಿಹ್ನೆಗಳ ಟೇಬಲ್ ಅನ್ನೇ ಬಿಡಿ. ಬೈಟ್ ಅನ್ನು ಒಡೆದು ಎಂಟು ಹೌದು-ಇಲ್ಲ ಪ್ರಶ್ನೆ ಮಾಡಿ. ಮೊದಲನೇ ಮಗು ಇದೆಯಾ? ಎರಡನೇದು? ಹೀಗೆ. ಪ್ರತಿ ಪ್ರಶ್ನೆಗೂ ಅದರದೇ ಕಾಂಟೆಕ್ಸ್ಟ್: ಅಕ್ಕಪಕ್ಕದ ಮನೆ ತುಂಬಿದೆಯಾ, ಇದೇ ತಂದೆಯ ಹಿಂದಿನ ಮಕ್ಕಳು ಏನಾದರು. ಆಗ ಒಂದು ಕಾಂಟೆಕ್ಸ್ಟ್ ಅಂದರೆ ಒಂದೇ ಸಂಖ್ಯೆ. ಸಾವಿರ ಕಾಂಟೆಕ್ಸ್ಟ್ ಇಟ್ಟರೂ ಕಲಿಕೆಗೆ ಒಂದು ಕಿಲೋಬೈಟ್ ಮೀರುವುದಿಲ್ಲ.

ಚುಕ್ಕಿಗಳ ರಾಶಿಯನ್ನು, ಅಂದರೆ ಚುಕ್ಕಿಮೋಡವನ್ನು ಹಿಂಡಲು ಎಂಪೆಗ್‌ನವರು ಮಾಡಿದ ಮಾನದಂಡ ಜಿ-ಪಿಸಿಸಿ. ಅದು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಮುಖಕ್ಕೆ ಮುಖ ತಾಗುವ ಆರು ನೆರೆಮನೆಗಳನ್ನು ನೋಡುತ್ತದೆ. ಆರಕ್ಕೆ 64 ಸಾಧ್ಯತೆ. ತಿರುಗಿಸಿದರೆ, ಕನ್ನಡಿಯಲ್ಲಿ ನೋಡಿದರೆ ಒಂದೇ ಆಗುವವನ್ನು ಸೇರಿಸಿಬಿಟ್ಟರೆ ಉಳಿಯುವುದು ಬರೀ 10. ಘನದ ಆರು ಮುಖಕ್ಕೆ ಎರಡು ಬಣ್ಣ ಬಳಿಯುವ ಹಳೆಯ ಲೆಕ್ಕ ನೆನಪಿದೆಯಾ? ಅದೇ 10.

ಸುತ್ತುಲೇಸರ್

ಆ 10 ನನಗೆ ಯಾವತ್ತೂ ಹಿಡಿಸಿಲ್ಲ. ಲೈಡಾರ್ ನೋಡುವ ಜಗತ್ತಿಗೆ ಮೇಲೆ-ಕೆಳಗೆ ಅನ್ನುವುದು ಇದೆ. ನೆಲ ಅಡ್ಡಡ್ಡ ಮಲಗಿರುತ್ತದೆ, ಗೋಡೆ ನಿಂತಿರುತ್ತದೆ. ಎಡಗಡೆ ನೆರೆ ತುಂಬಿರುವುದೂ ಕೆಳಗಿನ ನೆರೆ ತುಂಬಿರುವುದೂ ಒಂದೇ ಅಂತ ಕಲಸಿಬಿಟ್ಟರೆ ಕೈಗೆ ಬಂದ ಮಾಹಿತಿಯನ್ನು ಚೆಲ್ಲಿದ ಹಾಗೆ.

ಎಂಟನೇಮಗು

1.2 ಲಕ್ಷ ಚುಕ್ಕಿಗೆ 64 ಇಟ್ಟರೂ ನಷ್ಟವಿಲ್ಲ, ಒಪ್ಪಿದೆ. ಚಿಕ್ಕ ಮೋಡಕ್ಕೆ 10 ಒಳ್ಳೆಯದು.

ಚುಕ್ಕಿಲೆಕ್ಕ

ಕಲಿಕೆಯ ಖರ್ಚು ಅರ್ಥವಾಯಿತು, ಥ್ಯಾಂಕ್ಸ್. ಆದರೆ ಮೊದಲನೇ ಪ್ರಶ್ನೆ ಹಾಗೇ ಉಳಿಯಿತು. ಒಂದೇ ಟೇಬಲ್ ಇದ್ದಾಗಲೂ ಜಿಪ್ ಇಷ್ಟು ಹತ್ತಿರ ಬಂದದ್ದು ಹೇಗೆ? ಜಿಪ್ ಒಳಗಿರುವುದು ಹಫ್‌ಮನ್. ಅರಿತ್ಮೆಟಿಕ್ ಅದಕ್ಕಿಂತ ಎಷ್ಟೋ ಮೇಲು ಅಂತ ಎಲ್ಲರೂ ಹೇಳುತ್ತಾರೆ.

ಹಳೇಹಫ್‌ಮನ್

ನನ್ನನ್ನು ಕರೆದಿರಾ?

ಅರಿತ್ಮೆಟಿಕ್ ಗೆಲ್ಲುವುದು ಸಂಭವ ಒಂದು ಕಡೆ ವಾಲಿದಾಗ. 'ಖಾಲಿ' ಅನ್ನುವುದು 0.95 ಸಂಭವದಲ್ಲಿ ಬರುತ್ತದೆ ಅಂದುಕೊಳ್ಳಿ. ಅದರ ನ್ಯಾಯವಾದ ಬೆಲೆ 0.074 ಬಿಟ್. 'ತುಂಬಿದೆ' ಬಂದರೆ 4.32 ಬಿಟ್. ಸರಾಸರಿ 0.286. ಹಫ್‌ಮನ್‌ಗೆ ಒಂದು ಬಿಟ್‌ಗಿಂತ ಚಿಕ್ಕ ಕೋಡ್ ಗೊತ್ತೇ ಇಲ್ಲ. ಹೌದು-ಇಲ್ಲ ಪ್ರಶ್ನೆಗೆ ಅದು ಪ್ರತಿ ಸಲ 1 ಬಿಟ್ ಕೀಳುತ್ತದೆ. ಮೂರೂವರೆ ಪಟ್ಟು!

ಆದರೆ ಎಂಟು ಚಿಹ್ನೆ, ಎಂಟೂ ಸಮ ಅಂದರೆ? ಹಫ್‌ಮನ್ ಸರಿಯಾಗಿ 3 ಬಿಟ್ ಕೊಡುತ್ತದೆ. ಅರಿತ್ಮೆಟಿಕ್ಕೂ 3 ಬಿಟ್. ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ. ನಿಮ್ಮ ಬೈಟ್‌ಗಳಲ್ಲಿ ಒಂದೇ ಮಗು ಇರುವವು ಎಷ್ಟು ಪಾಲು, ಹಂತ ಹಂತವಾಗಿ ಎಣಿಸಿ ನೋಡಿ.

ಚುಕ್ಕಿಲೆಕ್ಕ

ಎಣಿಸಿದೆ. 13ನೇ ಹಂತದಿಂದ ಕೆಳಗೆ ಹತ್ತಿರ ಹತ್ತಿರ ಎಲ್ಲವೂ ಒಂಟಿ ಮಕ್ಕಳೇ! 8.6 ಲಕ್ಷದಲ್ಲಿ 6 ಲಕ್ಷ ಬೈಟ್ ಅಲ್ಲೇ ಇವೆ. ಮೇಲಿನ 13 ಹಂತ ಸೇರಿ 2.6 ಲಕ್ಷ.

ಬಿಟ್ಟುಬಿಡಿ

ಸಿಕ್ಕಿತು ಕಳ್ಳ.

13ನೇ ಹಂತ ಅಂದರೆ 3.2 ಸೆಂ.ಮೀ. ಡಬ್ಬಿ. ಅಷ್ಟು ಹತ್ತಿರ ಎರಡು ಚುಕ್ಕಿ ಬೀಳುವುದು ಅಪರೂಪ. ಅಲ್ಲಿಂದ ಕೆಳಕ್ಕೆ ಒಂಟಿ ಚುಕ್ಕಿ ಎಂಟು ಮೂಲೆಯಲ್ಲಿ ಯಾವ ಮೂಲೆಗೆ ಹೋಯಿತು ಅನ್ನುವುದಷ್ಟೇ ಸುದ್ದಿ. ಹಂತಕ್ಕೆ 3 ಬಿಟ್, ಐದು ಹಂತ, 15 ಬಿಟ್. ನಿಮ್ಮ 27ರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಗದ್ದಲ. ಗದ್ದಲವನ್ನು ಯಾವ ಕೋಡರ್ ಕೂಡ ಹಿಂಡಲಾರದು. ಕಾಂಟೆಕ್ಸ್ಟ್ ಮೇಲೆ ಕಾಂಟೆಕ್ಸ್ಟ್ ಹಾಕಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಅಂದ ಹಾಗೆ, ಮರವನ್ನು ಆಳ ಮೊದಲು ಸುತ್ತುತ್ತಿದ್ದೀರಾ, ಹಂತ ಹಂತವಾಗಿಯಾ?

ಚುಕ್ಕಿಲೆಕ್ಕ

ಆಳ ಮೊದಲು. ರಿಕರ್ಶನ್ ಬರೆಯುವುದು ಸುಲಭ ಅಂತ.

ಬಿಟ್ಟುಬಿಡಿ

ಹಾಗಾದರೆ ಇನ್ನೊಂದು ಸೋರಿಕೆಯೂ ಇದೆ. ಮೇಲಿನ ಹಂತದ ಬಗೆಬಗೆಯ ಬೈಟ್, ಕೆಳಗಿನ ಒಂಟಿ ಬೈಟ್ ಎಲ್ಲವೂ ಒಂದೇ ಟೇಬಲ್‌ಗೆ ಬೀಳುತ್ತಿವೆ. ಒಂಟಿ ಬೈಟ್‌ಗೆ 3 ಬಿಟ್ ಸಾಕಿತ್ತು. ಟೇಬಲ್‌ನಲ್ಲಿ ಅವುಗಳ ಪಾಲು 70 ಶೇಕಡಾ ಮಾತ್ರ. ಹಾಗಾಗಿ ಮೂರೂವರೆ ಬಿಟ್ ಬೀಳುತ್ತಿದೆ. ಹಂತಕ್ಕೊಂದು ಟೇಬಲ್ ಇಡಿ. ಅಷ್ಟಕ್ಕೇ ಎರಡು ಬಿಟ್ ಇಳಿಯದಿದ್ದರೆ ಕೇಳಿ.

ಇನ್ನೂ ಒಳ್ಳೆಯದು ಅಂದರೆ, ನೋಡ್‌ನಲ್ಲಿ ಒಂದೇ ಚುಕ್ಕಿ ಉಳಿದ ತಕ್ಷಣ ಒಂದು ಬಾವುಟ ಎತ್ತಿ, ಉಳಿದ ಬಿಟ್‌ಗಳನ್ನು ಹಾಗೇ ಸುರಿದುಬಿಡಿ. ಮರ ಇಳಿಯುವ ಕೆಲಸವೂ ಉಳಿಯುತ್ತದೆ. ಜಿ-ಪಿಸಿಸಿಯಲ್ಲೂ ಇಂಥ ಒಂದು ಒಳದಾರಿ ಇದೆ.

ಓದುಗಮಾತ್ರ

ಇಷ್ಟೆಲ್ಲ ಯಾಕೆ? ವಿಡಿಯೊ ಕೋಡೆಕ್‌ಗೆ ಹಾಕಿ. ಎಂಪೆಗ್‌ನವರೇ ಹಾಗೂ ಒಂದು ಮಾಡಿದ್ದಾರಲ್ಲ.

ಎಂಟನೇಮಗು

ಅದು ವಿ-ಪಿಸಿಸಿ. ಮೋಡವನ್ನು ಚಪ್ಪಟೆ ತುಂಡುಗಳಾಗಿ ಬಿಡಿಸಿ, ಚಿತ್ರಗಳಾಗಿ ಜೋಡಿಸಿ ವಿಡಿಯೊ ಕೋಡೆಕ್‌ಗೆ ಕೊಡುತ್ತದೆ. ಕುಣಿಯುವ ಮನುಷ್ಯನ ದಟ್ಟ ಮೋಡಕ್ಕೆ ಚೆನ್ನ. ಲೈಡಾರ್ ಚುಕ್ಕಿಗಳು ಚೆಲ್ಲಾಪಿಲ್ಲಿ. ಚಿತ್ರದಲ್ಲಿ ತೂತೇ ಜಾಸ್ತಿ ಆಗುತ್ತದೆ.

ಮಾತಿಗೊಂದುಪದ

ವಿಷಯಾಂತರಕ್ಕೆ ಕ್ಷಮಿಸಿ. ಎಂಟ್ರೊಪಿಗೆ ಕನ್ನಡದಲ್ಲಿ ಏನು ಹೇಳುತ್ತೀರಿ? 'ಗೊಂದಲ' ಅಂತ ಒಂದು ಕಡೆ ಓದಿದೆ, ಸರಿ ಕಾಣಲಿಲ್ಲ.

ಹಳೇಹಫ್‌ಮನ್

ಗೊಂದಲ ಅಲ್ಲವೇ ಅಲ್ಲ. ಶ್ಯಾನನ್ 1948ರಲ್ಲಿ ಅಳೆದದ್ದು, ಮುಂದಿನ ಚಿಹ್ನೆ ನಮಗೆ ಸರಾಸರಿ ಎಷ್ಟು ಅಚ್ಚರಿ ಕೊಡುತ್ತದೆ ಅಂತ. 'ಅಚ್ಚರಿಯ ಅಳತೆ' ಅನ್ನಿ.

ಮಾತಿಗೊಂದುಪದ

'ಅಚ್ಚರಿಯಳತೆ'! ಚೆನ್ನಾಗಿದೆ. ಹಾಗಾದರೆ ಎಂಟ್ರೊಪಿ ಕೋಡಿಂಗ್ ಅಂದರೆ 'ಅಚ್ಚರಿಗೆ ತಕ್ಕ ಬರಹ'.

ಅರೆಬಿಟ್

ಎಂಟ್ರೊಪಿ ಅಂದರೇ ಸಾಕು ಸ್ವಾಮಿ. ಮುಂದಕ್ಕೆ ಹೋಗೋಣ.

ಹಳೇಹಫ್‌ಮನ್

ಹೋಗುವ ಮುಂಚೆ ಒಂದು. ಹಫ್‌ಮನ್ ತನ್ನ ಕೋಡ್ ಕಂಡುಹಿಡಿದದ್ದು ವಿದ್ಯಾರ್ಥಿಯಾಗಿದ್ದಾಗ. ಪರೀಕ್ಷೆ ಬರೆಯಿರಿ ಇಲ್ಲವೇ ಒಂದು ಪ್ರಬಂಧ ಕೊಡಿ ಅಂದರಂತೆ ಫ್ಯಾನೊ ಮೇಷ್ಟ್ರು. ಫ್ಯಾನೊ ಕೂಡ ಅದೇ ಸಮಸ್ಯೆ ಹಿಡಿದು ಕೂತವರೇ. ಶಿಷ್ಯ ಗುರುವನ್ನೇ ಮೀರಿಸಿದ. ಆ ಲೇಖನ ಅಚ್ಚಾದದ್ದು 1952ರಲ್ಲಿ. ಇದನ್ನು ಹೇಳುವ ಅವಕಾಶ ಸಿಕ್ಕಾಗ ನಾನು ಬಿಡುವುದಿಲ್ಲ.

ಅರೆಬಿಟ್

ಗೊತ್ತು, ಗೊತ್ತು. ನಾಲ್ಕನೇ ಸಲ.

ನರಜಾಲಿ

ನೀವೆಲ್ಲ ಇನ್ನೂ ಎಣಿಕೆ ಟೇಬಲ್‌ನಲ್ಲೇ ಇದ್ದೀರಾ? ಸಂಭವವನ್ನು ನ್ಯೂರಲ್ ನೆಟ್‌ವರ್ಕ್ ಹೇಳಲಿ, ಅರಿತ್ಮೆಟಿಕ್ ಕೋಡರ್ ಬರೆದುಕೊಳ್ಳಲಿ. 2020ರ ಆಕ್ಟ್‌ಸ್ಕ್ವೀಜ್ ಮರದ ಪೂರ್ವಜರನ್ನು ನೋಡಿ ಊಹಿಸುತ್ತದೆ. 2022ರ ಆಕ್ಟ್‌ಅಟೆನ್ಶನ್ ಒಡಹುಟ್ಟಿದವರನ್ನೂ ಸೇರಿಸುತ್ತದೆ. ಕಲಿಕೆ ಮೊದಲೇ ಮುಗಿದಿರುವುದರಿಂದ ಅರೆಬಿಟ್ ಹೇಳಿದ ದಂಡವೂ ಇಲ್ಲ.

ಅರೆಬಿಟ್

ದಂಡ ಇಲ್ಲವೇ? ಲಕ್ಷಾಂತರ ತೂಕದ ಸಂಖ್ಯೆಗಳನ್ನು ಡಿಕೋಡರ್ ಕಡೆಗೆ ಮೊದಲೇ ಸಾಗಿಸಿದ್ದೀರಿ. ಆ ಲೆಕ್ಕ ಯಾರ ಖಾತೆಗೆ?

ನರಜಾಲಿ

ಒಂದು ಸಲ ಸಾಗಿಸಿದರೆ ಆಯಿತಲ್ಲ, ಪ್ರತಿ ಫೈಲ್‌ಗೂ ಅಲ್ಲವಲ್ಲ.

ಬಿಟ್ಟುಬಿಡಿ

ಸೆನ್ಸರ್ ಬದಲಾದರೆ? 64 ಲೇಸರ್‌ನಲ್ಲಿ ಕಲಿತದ್ದನ್ನು 16 ಲೇಸರ್‌ಗೆ ಹಾಕಿ ನೋಡಿ. ಎಣಿಕೆ ಟೇಬಲ್ ದಡ್ಡ ಇರಬಹುದು, ಆದರೆ ಎದುರಿಗೆ ಏನು ಬಂತೋ ಅದನ್ನೇ ಕಲಿಯುತ್ತದೆ.

ಸುತ್ತುಲೇಸರ್

ನನ್ನ ಅನುಭವ ಹೇಳುತ್ತೇನೆ. ನೆಟ್‌ವರ್ಕ್ ಇರುವ ಕೋಡರ್ ಒಂದನ್ನು ಹಿಂದೆ ಕೆಲಸ ಮಾಡುತ್ತಿದ್ದಲ್ಲಿ ಕಟ್ಟಿದ್ದೆವು. ನಮ್ಮ ಯಂತ್ರದಲ್ಲಿ ಎನ್‌ಕೋಡ್, ನಮ್ಮ ಯಂತ್ರದಲ್ಲೇ ಡಿಕೋಡ್, ಎಲ್ಲ ಚೆಂದ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೆ ಫೈಲ್ ಕಳಿಸಿದೆವು. ಶುರುವಿನ ಕೆಲವು ಹಂತ ಸರಿ ಬಂತು, ಆಮೇಲೆ ಮೋಡ ಚೂರು ಚೂರು. ಒಂದು ಕಟ್ಟಡ ಹೊಗೆಯ ಹಾಗೆ ಕಾಣುತ್ತಿತ್ತು.

ಮೂರು ದಿನ ಹುಡುಕಿದೆವು. ಕಾರಣ ಇಷ್ಟೇ: ಎರಡು ಕಾರ್ಡ್‌ಗಳು ಫ್ಲೋಟ್‌ಗಳನ್ನು ಬೇರೆ ಬೇರೆ ಕ್ರಮದಲ್ಲಿ ಕೂಡುತ್ತಿದ್ದವು. ಸಂಭವ ಏಳನೇ ದಶಮಾಂಶದಲ್ಲಿ ಬೇರೆ ಬರುತ್ತಿತ್ತು. ಅರಿತ್ಮೆಟಿಕ್ ಕೋಡರ್‌ಗೆ ಅಷ್ಟು ಸಾಕು. ಒಂದು ಕಡೆ ಗೆರೆ ಒಂದು ಘಟಕ ಸರಿದರೆ, ಒಂದಲ್ಲ ಒಂದು ಚಿಹ್ನೆ ತಪ್ಪು ಓದುತ್ತದೆ. ಅಲ್ಲಿಂದ ಮುಂದೆ ಕಾಂಟೆಕ್ಸ್ಟ್‌ಗಳೂ ತಪ್ಪು, ಸಂಭವವೂ ತಪ್ಪು. ಸುಧಾರಿಸಿಕೊಳ್ಳುವುದೇ ಇಲ್ಲ.

ಇದಕ್ಕೆ ಪರಿಹಾರ ಇಲ್ಲದಿಲ್ಲ. ಪೂರ್ಣಾಂಕ ಮಾತ್ರ ಬಳಸುವ ನೆಟ್‌ವರ್ಕ್‌ಗಳ ಬಗ್ಗೆ 2019ರಲ್ಲೇ ಕೆಲಸ ಆಗಿದೆ. ಆದರೆ ನಿಯಮ ನೆನಪಿಡಿ: ಸಂಭವವನ್ನು ಮುಟ್ಟುವ ಯಾವ ಲೆಕ್ಕದಲ್ಲೂ ಫ್ಲೋಟ್ ಬರಬಾರದು. ಯಾವುದರಲ್ಲೂ.

ಎಂಟನೇಮಗು

ಫ್ಲೋಟ್ ಇಲ್ಲದೇನೂ ಹಾಳು ಮಾಡಬಹುದು! ನಾನು ಎನ್‌ಕೋಡರ್‌ನಲ್ಲಿ ಮೊದಲು ಎಣಿಕೆ ಏರಿಸಿ, ಆಮೇಲೆ ಚಿಹ್ನೆ ಬರೆಯುತ್ತಿದ್ದೆ. ಫೈಲ್ ಅದ್ಭುತವಾಗಿ ಚಿಕ್ಕದಾಗಿತ್ತು. ಹೊಗಳಿಸಿಕೊಂಡೂ ಆಯಿತು. ಡಿಕೋಡರ್ ಬರೆಯಲು ಕೂತಾಗ ಗೊತ್ತಾಯಿತು, ಬರುವ ಚಿಹ್ನೆ ಯಾವುದು ಅಂತ ಮೊದಲೇ ಗೊತ್ತಿದ್ದರೆ ಮಾತ್ರ ಅದನ್ನು ಓದಬಹುದು ಅಂತ.

ಬಿಟ್ಟುಬಿಡಿ

ಡಿಕೋಡರ್ ಬರೆಯದೆ ಫಲಿತಾಂಶ ಹೇಳುವವರ ಸಂಖ್ಯೆ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ.

ಚುಕ್ಕಿಲೆಕ್ಕ

ಸುದ್ದಿ ಬಂತು. ಹಂತಕ್ಕೊಂದು ಟೇಬಲ್ ಇಟ್ಟೆ: 24.9. ಆಮೇಲೆ ಬೈಟ್ ಒಡೆದು ಎಂಟು ಹೌದು-ಇಲ್ಲ ಮಾಡಿದೆ, ಆರು ನೆರೆ ಸೇರಿಸಿದೆ. 10 ಅಲ್ಲ, 64 ಇಟ್ಟೆ. 22.8! ಡಿಕೋಡರ್ ಕೂಡ ಬರೆದಿದ್ದೇನೆ, ಚುಕ್ಕಿಗೆ ಚುಕ್ಕಿ ಸರಿ ಹೋಗಿದೆ.

ಒಂದು ಅನುಮಾನ. ಹೌದು-ಇಲ್ಲ ಸಂಭವವನ್ನು ಎಷ್ಟು ಬೇಗ ಬದಲಿಸಬೇಕು? ನಾನು ಶಿಫ್ಟ್ 7 ಇಟ್ಟಿದ್ದೇನೆ. ಅಂದರೆ ಪ್ರತಿ ಸಲ ವ್ಯತ್ಯಾಸದ 128ನೇ ಒಂದು ಭಾಗ ಸರಿಯುತ್ತದೆ.

ಅರೆಬಿಟ್

ಶುರುವಿಗೆ 7 ತುಂಬಾ ನಿಧಾನ. ಕೈಯಲ್ಲೇ ಲೆಕ್ಕ ಹಾಕಿ. ಸಂಭವ 0.5ರಿಂದ ಹೊರಡುತ್ತದೆ, ಸತತ ಹತ್ತು 'ಖಾಲಿ' ಬಂತು. ಶಿಫ್ಟ್ 7ರಲ್ಲಿ 'ಖಾಲಿ'ಯ ಸಂಭವ 0.538ಕ್ಕೆ ಏರಿರುತ್ತದೆ, ಅಷ್ಟೇ. ಹತ್ತು ಸಲ ಕೆನ್ನೆಗೆ ಹೊಡೆದರೂ ಎಚ್ಚರವಾಗದ ಹಾಗೆ. ಶಿಫ್ಟ್ 4ರಲ್ಲಿ 0.738. ಸುಮ್ನೆ ಎಣಿಸಿ, ಎರಡೂ ಕಡೆ 1 ಸೇರಿಸಿ ಭಾಗಿಸಿದರೆ 12ರಲ್ಲಿ 11, ಅಂದರೆ 0.917.

ಹಾಗಂತ ಶಿಫ್ಟ್ 4 ಇಟ್ಟುಬಿಟ್ಟರೆ ಕೊನೆತನಕ ನಡುಗುತ್ತಲೇ ಇರುತ್ತದೆ. ಒಂದು ತಪ್ಪು ಬಿಟ್ ಬಂದರೆ ಎಗರಿ ಬೀಳುತ್ತದೆ. ಮೊದಲ ಒಂದಷ್ಟು ಸಲ ಎಣಿಕೆ, ಆಮೇಲೆ 6 ಅಥವಾ 7ಕ್ಕೆ ನಿಲ್ಲಿಸಿ. ವಿವಿಸಿ ವಿಡಿಯೊ ಕೋಡೆಕ್‌ನಲ್ಲಿ ಇನ್ನೊಂದು ಉಪಾಯ ಇದೆ. ಒಂದೇ ಕಾಂಟೆಕ್ಸ್ಟ್‌ಗೆ ಎರಡು ಅಂದಾಜು, ಒಂದು ಚುರುಕು, ಒಂದು ನಿಧಾನ. ಎರಡರ ಸರಾಸರಿ ಬಳಸುತ್ತಾರೆ. ನನಗೆ ಇದೇ ಇಷ್ಟ.

ಓದುಗಮಾತ್ರ

ಕೇಳಬೇಕು ಅನ್ನಿಸಿತು. 96ರಿಂದ 54ಕ್ಕೆ ಇಳಿದದ್ದು ದುಂಡು ಮಾಡಿದ್ದಕ್ಕೆ, 18 ಬಿಟ್ ಮೂರು ಸಲ. ಸರಿ. 54ರಿಂದ 27 ಹೇಗೆ? ಕೋಡರ್ ಅಷ್ಟು ಬುದ್ಧಿವಂತನಾ?

ಬಿಟ್ಟುಬಿಡಿ

ಒಳ್ಳೆಯ ಪ್ರಶ್ನೆ. ಬಹಳ ಜನ ಕೇಳುವುದೇ ಇಲ್ಲ.

ಅದರಲ್ಲಿ ದೊಡ್ಡ ಪಾಲು ಕೋಡರ್‌ನದಲ್ಲ, ಮರದ್ದು. ಪಟ್ಟಿಯಲ್ಲಿ ಚುಕ್ಕಿಗಳಿಗೆ ಒಂದು ಕ್ರಮ ಇತ್ತು. ಆಕ್ಟ್ರೀ ಆ ಕ್ರಮವನ್ನು ಮರೆತುಬಿಡುತ್ತದೆ. 1.2 ಲಕ್ಷ ಚುಕ್ಕಿಯನ್ನು ಎಷ್ಟು ರೀತಿ ಸಾಲಾಗಿ ನಿಲ್ಲಿಸಬಹುದೋ ಅದರ ಲಾಗ್ ತೆಗೆದು ಚುಕ್ಕಿಗೆ ಹಂಚಿದರೆ 15.4 ಬಿಟ್. ಅಷ್ಟು ಪುಕ್ಕಟೆ ಉಳಿತಾಯ. ಚುಕ್ಕಿಗಳು ಗಾಳಿಯಲ್ಲಿ ಎಲ್ಲೆಂದರಲ್ಲಿ ಚೆಲ್ಲಿದ್ದರೂ ಈ ಲಾಭ ಸಿಗುತ್ತದೆ. 54ರಲ್ಲಿ 15.4 ಕಳೆದರೆ 38.6. ಅಲ್ಲಿಂದ 27ಕ್ಕೆ ಬಂದದ್ದು ಮಾತ್ರ ನೆಲ, ಗೋಡೆ, ಆಕಾರ ಇರುವುದರಿಂದ.

ಸುತ್ತುಲೇಸರ್

ಇಲ್ಲೇ ನನ್ನ ತಕರಾರು ಇರುವುದು. ಪುಕ್ಕಟೆ ಅಲ್ಲ ಅದು! ಮತ್ತು 'ಬರೀ ಗದ್ದಲ' ಅಂದಿರಲ್ಲ, ಅದೂ ಸರಿಯಲ್ಲ.

ತಿರುಗುವ ಲೈಡಾರ್‌ನಲ್ಲಿ ಕ್ರಮ ಅಂದರೆ ಕಸ ಅಲ್ಲ. ಲೇಸರ್ ಎಷ್ಟನೆಯದು ಅಂತ ಗೊತ್ತಿದ್ದರೆ ಎಷ್ಟು ಓರೆಯಲ್ಲಿ ನೋಡುತ್ತಿದೆ ಅಂತ ಗೊತ್ತು. ಹಿಂದಿನ ಚುಕ್ಕಿ ಯಾವ ಕೋನದಲ್ಲಿತ್ತು ಅಂತ ಗೊತ್ತಿದ್ದರೆ ಮುಂದಿನದು ಯಾವ ಕೋನದಲ್ಲಿ ಬರುತ್ತದೆ ಅಂತಲೂ ಹೆಚ್ಚುಕಡಿಮೆ ಗೊತ್ತು. ನಿಜವಾಗಿ ಗೊತ್ತಿಲ್ಲದೆ ಇರುವುದು ಒಂದೇ: ದೂರ.

ಈಗ ಆ 3.2 ಸೆಂ.ಮೀ. ಡಬ್ಬಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಚುಕ್ಕಿ ಡಬ್ಬಿಯಲ್ಲಿ ಎಲ್ಲೋ ಇದೆ ಅಂತಲ್ಲ. ಲೇಸರ್ ಕಿರಣ ಆ ಡಬ್ಬಿಯನ್ನು ತೂರಿ ಹೋಗುವ ತೆಳು ಗೆರೆಯ ಮೇಲೆ ಇದೆ. ಡಬ್ಬಿಯನ್ನು ಎಂಟು ಭಾಗ ಮಾಡುವುದು ಮೂರು ಹಲಗೆ. ಒಂದು ನೇರ ಗೆರೆ ಮೂರನ್ನೂ ದಾಟಿದರೂ ಮುಟ್ಟುವುದು ಹೆಚ್ಚೆಂದರೆ ನಾಲ್ಕು ಭಾಗ. ಉಳಿದ ನಾಲ್ಕರಲ್ಲಿ ಚುಕ್ಕಿ ಇರಲು ಸಾಧ್ಯವೇ ಇಲ್ಲ. ಹಾಗೇ ಇಳಿಯುತ್ತಾ ಹೋದರೆ ಹಂತಕ್ಕೆ ಗೆರೆಯ ಉದ್ದ ಅರ್ಧ ಆಗುತ್ತದೆ. ಅಂದರೆ ನಿಜವಾದ ಸುದ್ದಿ ಹಂತಕ್ಕೆ 1 ಬಿಟ್ ಆಸುಪಾಸು, 3 ಅಲ್ಲ. ನೀವು ಗದ್ದಲ ಅಂತ ಕೈಬಿಟ್ಟ 15 ಬಿಟ್‌ನಲ್ಲಿ ಮೂರನೇ ಎರಡು ಪಾಲು ಊಹಿಸಬಹುದಾದದ್ದು!

ಜಿ-ಪಿಸಿಸಿಯ ಆಂಗುಲರ್ ಮೋಡ್ ಇದಕ್ಕಾಗಿಯೇ ಇದೆ. ಕೋನದಿಂದ ಕಾಂಟೆಕ್ಸ್ಟ್ ಆರಿಸುತ್ತದೆ. ಅದರ ಪ್ರಿಡಿಕ್ಟಿವ್ ಟ್ರೀ ಅಂತೂ ಆಕ್ಟ್ರೀಯನ್ನೇ ಬಿಟ್ಟು ಚುಕ್ಕಿಯಿಂದ ಚುಕ್ಕಿಗೆ ನಡೆಯುತ್ತದೆ.

ಬಿಟ್ಟುಬಿಡಿ

ಹ್ಮ್. ಕೋನ ಅಷ್ಟು ನಿಖರ ಇದ್ದರೆ ತಾನೇ? 20 ಮೀಟರ್ ದೂರದಲ್ಲಿ 1 ಮಿ.ಮೀ. ಅಂದರೆ ಡಿಗ್ರಿಯ 0.003 ಭಾಗ. ಅಷ್ಟು ಗಟ್ಟಿಯಾಗಿ ಯಾವ ಸೆನ್ಸರ್ ತಿರುಗುತ್ತದೆ?

ಸುತ್ತುಲೇಸರ್

ಓರೆ ಕೋನ ಲೇಸರ್‌ಗೆ ಸ್ಥಿರ, ಒಮ್ಮೆ ಅಳೆದರೆ ಮುಗಿಯಿತು. ಸುತ್ತುವ ಕೋನವನ್ನು ಸೆನ್ಸರ್ ಎಣಿಕೆಯಾಗಿಯೇ ಕೊಡುತ್ತದೆ, ಮೆಟ್ಟಿಲು ಮೆಟ್ಟಿಲಾಗಿ. ಕೊನೆಯ ಒಂದೆರಡು ಹಂತದಲ್ಲಿ ಗೆರೆ ದಪ್ಪ ಆಗುತ್ತದೆ, ಒಪ್ಪುತ್ತೇನೆ. ಆದರೂ ನಿಮ್ಮ 15 ಅಲ್ಲ.

ಬಿಟ್ಟುಬಿಡಿ

ಸರಿ, ಸೋತೆ. ಲೈಡಾರ್‌ಗೆ ಮಾತ್ರ. ದಟ್ಟ ಮೋಡದಲ್ಲಿ ನನ್ನ ಮಾತೇ ನಡೆಯುತ್ತದೆ.

ಚುಕ್ಕಿಲೆಕ್ಕ

ಒಂದು ತೊಂದರೆ. ನನ್ನ ಸ್ಕ್ಯಾನ್‌ಗಳಲ್ಲಿ ವಾಹನ ಚಲಿಸಿದ್ದನ್ನು ಮೊದಲೇ ಸರಿಪಡಿಸಿದ್ದೇನೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ವಾಹನ ಮುಂದೆ ಹೋಗಿರುತ್ತದಲ್ಲ, ಪ್ರತಿ ಚುಕ್ಕಿಯನ್ನೂ ಅಷ್ಟಷ್ಟು ಸರಿಸಿದ್ದೇನೆ. ಈಗ ಕೋನ ನೋಡಿದರೆ ಯಾವುದೂ ಸಾಲಾಗಿ ಇಲ್ಲ.

ಸುತ್ತುಲೇಸರ್

ಅಯ್ಯೋ. ಮೊದಲು ಹಿಂಡಿ, ಆಮೇಲೆ ಸರಿಸಿ. ಸರಿಸಿದ ದಾರಿ ಅಂದರೆ ಸ್ಕ್ಯಾನ್‌ಗೆ ಕೆಲವೇ ಸಂಖ್ಯೆ. ಪಕ್ಕದಲ್ಲಿ ಬರೆದಿಡಿ, ಡಿಕೋಡ್ ಆದ ಮೇಲೆ ಅನ್ವಯಿಸಿ. ಈಗ ನೀವು ಮಾಡಿರುವುದು ಆ ಕೆಲವೇ ಸಂಖ್ಯೆಯನ್ನು 1.2 ಲಕ್ಷ ಚುಕ್ಕಿಯೊಳಗೆ ಕಲಸಿದ ಹಾಗೆ. ಕಚ್ಚಾ ಪ್ಯಾಕೆಟ್ ಇಟ್ಟಿದ್ದೀರಾ?

ಚುಕ್ಕಿಲೆಕ್ಕ

ಮೂರು ಸ್ಕ್ಯಾನ್‌ನದು ಮಾತ್ರ ಇದೆ. ಉಳಿದದ್ದು ಜಾಗ ಸಾಲದೆ ಅಳಿಸಿದೆ. ನಗಬೇಡಿ.

ಹಳೇಹಫ್‌ಮನ್

ಜಾಗ ಉಳಿಸುವ ಕೋಡರ್ ಕಟ್ಟಲು ಬೇಕಾದ ಡೇಟಾವನ್ನು ಜಾಗ ಸಾಲದೆ ಅಳಿಸಿದಿರಾ? ನಗದೆ ಏನು ಮಾಡಲಿ?

ಅರೆಬಿಟ್

ಎಲ್ಲರೂ ಮರೆತ ಒಂದು ಮಾತು: 1 ಮಿ.ಮೀ. ಯಾಕೆ? ಇಂಥ ಸೆನ್ಸರ್‌ನ ದೂರದ ಅಳತೆಯಲ್ಲೇ ಒಂದೆರಡು ಸೆಂ.ಮೀ. ಹೆಚ್ಚುಕಡಿಮೆ ಇರುತ್ತದೆ. 8 ಮಿ.ಮೀ. ಮಾಡಿ. ಪ್ರತಿ ದಿಕ್ಕಿನಲ್ಲಿ ತಪ್ಪು 4 ಮಿ.ಮೀ. ಮೀರುವುದಿಲ್ಲ. ಮೂರು ಹಂತ ಹೋಗುತ್ತದೆ.

ಎಂಟನೇಮಗು

ಇದಕ್ಕೆ ನನ್ನ ವಿರೋಧ ಇದೆ. ನಕ್ಷೆ ಕಟ್ಟುವವರು ನೂರು ಸ್ಕ್ಯಾನ್ ಸೇರಿಸಿ ಸರಾಸರಿ ತೆಗೆಯುತ್ತಾರೆ. ಗದ್ದಲ ಅಲ್ಲಿ ಒಂದಕ್ಕೊಂದು ಕಳೆದುಹೋಗುತ್ತದೆ. ಮೊದಲೇ ದುಂಡು ಮಾಡಿದರೆ ಮೆಟ್ಟಿಲು ಮೆಟ್ಟಿಲಾಗಿ ಉಳಿಯಬಹುದು. ಲ್ಯಾಜ್ ಫೈಲ್ (ಲೈಡಾರ್ ಚುಕ್ಕಿಗಳನ್ನು ನಷ್ಟವಿಲ್ಲದೆ ಹಿಂಡಿಡುವ ಫೈಲ್) ಬಳಸುವವರು ಇದಕ್ಕೇ ಒಂದು ಬಿಟ್ ಕೂಡ ಬಿಡುವುದಿಲ್ಲ.

ಅರೆಬಿಟ್

ಸೆಂ.ಮೀ. ಗದ್ದಲದ ಮೇಲೆ 8 ಮಿ.ಮೀ. ಮೆಟ್ಟಿಲು ಕಾಣುವುದೇ ಇಲ್ಲ. ಗದ್ದಲವೇ ಮೆಟ್ಟಿಲನ್ನು ಸವರಿಬಿಡುತ್ತದೆ. ಲ್ಯಾಜ್ ಮಾತು ಬಂತಲ್ಲ, ಅದರಲ್ಲಿ 50,000 ಚುಕ್ಕಿಗೊಮ್ಮೆ ಟೇಬಲ್‌ಗಳನ್ನೆಲ್ಲ ಒರೆಸಿ ಹೊಸದಾಗಿ ಶುರು ಮಾಡುತ್ತಾರೆ. ಫೈಲ್‌ನ ನಡುವಿನಿಂದ ಓದಲು ಬರಲಿ ಅಂತ. ಕಲಿಕೆಯ ದಂಡ ಪ್ರತಿ ತುಂಡಿಗೂ ಬೀಳುತ್ತದೆ, ಗೊತ್ತಿದ್ದೇ ತೆರುತ್ತಾರೆ. ಎಲ್ಲದಕ್ಕೂ ಬಿಟ್ ಒಂದೇ ಲೆಕ್ಕ ಅಲ್ಲ.

ಚುಕ್ಕಿಲೆಕ್ಕ

ಮಾಡಿ ನೋಡಿದೆ. 8 ಮಿ.ಮೀ.ಗೆ 13.8. 22.8ರಲ್ಲಿ ಸರಿಯಾಗಿ 9 ಬಿಟ್ ಹೋಯಿತು, ಹಂತಕ್ಕೆ ಮೂರರಂತೆ. ಬಿಟ್ಟುಬಿಡಿ ಅವರ ಲೆಕ್ಕ ಅಕ್ಷರಶಃ ನಿಜ. ಸರಿಸಿದ ಮೋಡದಲ್ಲಿ ಆ ಬಿಟ್‌ಗಳು ಗದ್ದಲವೇ.

ಕಚ್ಚಾ ಮೂರು ಸ್ಕ್ಯಾನ್‌ಗೆ ಕೋನದ ಕಾಂಟೆಕ್ಸ್ಟ್ ಕೂಡ ಹಾಕಿದೆ. ಕಿರಣ ಯಾವ ಮಗುವನ್ನು ಮುಟ್ಟುತ್ತದೆ ಅಂತ ಲೆಕ್ಕ ಹಾಕಿ, ಮುಟ್ಟುತ್ತದೆ, ಅಂಚಿನಲ್ಲಿದೆ, ಮುಟ್ಟುವುದಿಲ್ಲ ಅಂತ ಮೂರು ಬಗೆ. 10.9 ಬಂತು! ಸುತ್ತುಲೇಸರ್ ಅವರಿಗೆ ದೊಡ್ಡ ನಮಸ್ಕಾರ.

ಒಂದು ಸಣ್ಣ ಕಿರಿಕಿರಿ. ಎರಡು ಸ್ಕ್ಯಾನ್ ಸರಿಯಾಗಿ ಡಿಕೋಡ್ ಆಗುತ್ತವೆ. ಮೂರನೆಯದು ಅರ್ಧದಲ್ಲಿ ಕೆಡುತ್ತದೆ, 41,207ನೇ ಚುಕ್ಕಿಯಿಂದ. ಅದೂ ಡಿಕೋಡರ್ ಅನ್ನು ಆಪ್ಟಿಮೈಜ್ ಮಾಡಿ ಕಂಪೈಲ್ ಮಾಡಿದಾಗ ಮಾತ್ರ. ಡೀಬಗ್‌ನಲ್ಲಿ ಸರಿ ಇರುತ್ತದೆ. ಮೆಮೊರಿ ತೊಂದರೆ ಇರಬಹುದಾ?

ಸುತ್ತುಲೇಸರ್

ಕಿರಣದ ಲೆಕ್ಕದಲ್ಲಿ ಸೈನ್, ಕೊಸೈನ್ ಇದೆ ಅಲ್ವಾ? ಯಾವುದರಲ್ಲಿ ಮಾಡಿದ್ದೀರಿ?

ಚುಕ್ಕಿಲೆಕ್ಕ

ಫ್ಲೋಟ್‌ನಲ್ಲಿ. ಯಾಕೆ?

ಚುಕ್ಕಿಲೆಕ್ಕ

ಓ.